ಅರಳುಮರಳಿನ ಮರೆಯಲ್ಲಿ ಖಿನ್ನತೆ

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆಯನ್ನು ಕೇಳದವರು ನಮ್ಮ ನಾಡಿನಲ್ಲಿ ವಿರಳ. ಮನೆಯ ಹಿರಿಯರು ಇಟ್ಟ ವಸ್ತುವನ್ನು ಮರೆತರೆ, ಹೇಳಿದ ಮಾತನ್ನೇ ಮತ್ತೆ ಮತ್ತೆ ಹೇಳಿದರೆ, ಊಟದ ತಟ್ಟೆಯನ್ನು ದೂರ ಸರಿಸಿದರೆ, ಯಾರು ಮಾತನಾಡಿಸಿದರೂ ಉತ್ತರಿಸದೆ ಗೋಡೆಯ ಕಡೆಗೆ ಮುಖ ಮಾಡಿ ಮಲಗಿದರೆ, ಇವೆಲ್ಲಕ್ಕೂ ಮನೆಯವರಲ್ಲಿ ಈ ಒಂದೇ ವಿವರಣೆ ಸಿದ್ಧವಾಗಿರುತ್ತದೆ. ಗಾದೆ ವಿನೋದಕ್ಕೆ ಹುಟ್ಟಿದ್ದಿರಬಹುದು. ಆದರೆ ಮೇಲೆ ಹೇಳಿದ ನಾಲ್ಕು ಲಕ್ಷಣಗಳಲ್ಲಿ ಮೊದಲಿನ ಎರಡು ಮರೆವಿಗೆ ಸೇರಿದವು. ಕೊನೆಯ ಎರಡು ಬಹುಮಟ್ಟಿಗೆ ದುಃಖಕ್ಕೆ ಸೇರಿದವು. ಎರಡನ್ನೂ ಒಂದೇ ಮೂಟೆಯಲ್ಲಿ ಕಟ್ಟಿ ಅಟ್ಟಕ್ಕೆ ಹಾಕುವ ರೂಢಿಯಿಂದಾಗಿ, ಚಿಕಿತ್ಸೆಗೆ ಒಗ್ಗಬಹುದಾದ ಒಂದು ಕಾಯಿಲೆ ಚಿಕಿತ್ಸೆಯಿಲ್ಲದೆ ಉಳಿಯುತ್ತದೆ. ಆ ಕಾಯಿಲೆಯ ಹೆಸರು ಖಿನ್ನತೆ. ಮರೆವು ಆವರಿಸಿದ ವೃದ್ಧರಲ್ಲಿ ಅದನ್ನು ಗುರುತಿಸುವ ಬಗೆ ಯಾವುದು, ಸಾಮಾನ್ಯವಾದ ಪ್ರಶ್ನಾವಳಿಗಳು ಅಲ್ಲಿ ಏಕೆ ಸೋಲುತ್ತವೆ ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಕಡೂರು, ತರೀಕೆರೆ, ಅಜ್ಜಂಪುರ ಈ ಮೂರು ತಾಲ್ಲೂಕುಗಳಲ್ಲಿ ನೆಲದ ಗುಣ ಬೇರೆ ಬೇರೆ. ಒಂದೆಡೆ ರಾಗಿ, ತೆಂಗು; ಒಂದೆಡೆ ಅಡಿಕೆ; ಇನ್ನೊಂದೆಡೆ ಈರುಳ್ಳಿ. ಮನೆಗಳ ಸ್ಥಿತಿ ಮಾತ್ರ ಒಂದೇ ತೆರನಾಗಿದೆ. ಕಿರಿಯರು ಬೀರೂರು ಜಂಕ್ಷನ್ನಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಿದ್ದಾರೆ. ಹಿರಿಯರು ತೋಟ, ಹೊಲ, ಹಳೆಯ ಮನೆಗಳೊಡನೆ ಉಳಿದಿದ್ದಾರೆ. ಇಡೀ ದೇಶದ ವೃದ್ಧರನ್ನು ಕುರಿತ ಒಂದು ದೊಡ್ಡ ಸಮೀಕ್ಷೆಯ ಆಧಾರದಿಂದ 2023ರಲ್ಲಿ ಪ್ರಕಟವಾದ ಅಂದಾಜಿನಂತೆ, ಭಾರತದಲ್ಲಿ 60 ವರ್ಷ ದಾಟಿದವರ ಪೈಕಿ ನೂರಕ್ಕೆ 7.4ರಷ್ಟು ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನರಿಗೆ, ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆ ಇದೆ. ಉಳಿದ ತೊಂಬತ್ತೆರಡಕ್ಕೂ ಹೆಚ್ಚು ಮಂದಿಗೆ ಅದು ಇಲ್ಲ ಎಂಬುದನ್ನೂ ಇಲ್ಲಿ ಗಮನಿಸಬೇಕು. ಹಾಗಿದ್ದಮೇಲೆ ಅರವತ್ತಕ್ಕೆ ಅರಳುಮರಳು ಎಂಬ ಗಾದೆ ಲೆಕ್ಕದಲ್ಲಿಯೇ ತಪ್ಪು.

ವಿಷಯ ಸ್ಪಷ್ಟವಾಗಲೆಂದು ಎರಡು ಮನೆಗಳನ್ನು ಕಲ್ಪಿಸಿಕೊಳ್ಳೋಣ. ಇವು ಯಾರೊಬ್ಬರ ಮನೆಯೂ ಅಲ್ಲ. ಆದರೆ ಇಂಥ ಮನೆಗಳು ವಾಚಕರಿಗೆ ಅಪರಿಚಿತವೂ ಅಲ್ಲ.

ತರೀಕೆರೆಯ ಕಡೆಯ ಅಡಿಕೆ ತೋಟದ ಮನೆಯೊಂದರಲ್ಲಿ ಎಪ್ಪತ್ತೆರಡು ವರ್ಷದ ಅಜ್ಜಿ. ಯಜಮಾನರು ತೀರಿಕೊಂಡು ಆರು ತಿಂಗಳಾಗಿದೆ. ಆ ಬಳಿಕ ಎರಡು ಮೂರು ತಿಂಗಳೊಳಗೆ ಆಕೆಗೆ ಒಲೆಯ ಮೇಲಿಟ್ಟ ಹಾಲು ನೆನಪಿರದು, ಮೊಮ್ಮಕ್ಕಳ ಹೆಸರು ತಡವರಿಸುವುದು. ಚಿಕ್ಕಂದಿನಿಂದ ಒಂದು ದಿನವೂ ತಪ್ಪದ ಇಷ್ಟಲಿಂಗ ಪೂಜೆ ನಿಂತುಹೋಗಿದೆ. ಇಂದು ಯಾವ ವಾರವೆಂದು ಕೇಳಿದರೆ, ‘ನಂಗೊತ್ತಿಲ್ಲ ಬಿಡಪ್ಪ, ನನ್ನ ತಲೇನೇ ಹೋಯ್ತು’ ಎನ್ನುತ್ತಾರೆ. ಉತ್ತರಿಸುವ ಪ್ರಯತ್ನವನ್ನೇ ಮಾಡುವುದಿಲ್ಲ. ತನ್ನ ಮರೆವನ್ನು ತಾನೇ ಎಲ್ಲರ ಮುಂದೆ ದೂರುತ್ತಾರೆ.

ಅಜ್ಜಂಪುರದ ಕಡೆಯ ಇನ್ನೊಂದು ಮನೆಯಲ್ಲಿ ಎಪ್ಪತ್ತೆಂಟು ವರ್ಷದ ಅಜ್ಜ. ಒಂದು ಕಾಲಕ್ಕೆ ಅಮೃತಮಹಲ್ ತಳಿಯ ಜೋಡಿ ಎತ್ತುಗಳನ್ನು ಸಾಕಿ ಹೆಸರಾದವರು. ಮರೆವು ನಾಲ್ಕು ವರ್ಷಗಳಿಂದ ಮೆಲ್ಲಮೆಲ್ಲನೆ ಬಂದಿದೆ. ಯಾವ ತಿಂಗಳು ಆರಂಭವಾಯಿತೆಂದು ಯಾರೂ ಹೇಳಲಾರರು. ಯಾವ ವಾರವೆಂದು ಕೇಳಿದರೆ ತಪ್ಪು ವಾರವನ್ನು ಧೈರ್ಯವಾಗಿ ಹೇಳುತ್ತಾರೆ, ಇಲ್ಲವೆ ‘ನಿಂಗೊತ್ತಿಲ್ವೇನೋ?’ ಎಂದು ಪ್ರಶ್ನೆ ಕೇಳಿದವರನ್ನೇ ನಗಿಸುತ್ತಾರೆ. ಆರು ವಾರಗಳ ಹಿಂದೆ ಮನೆಯವರು ದನಗಳನ್ನು ಮಾರಿದರು. ಅಂದಿನಿಂದ ಅಜ್ಜ ನಸುಕಿನ ನಾಲ್ಕು ಗಂಟೆಗೇ ಎದ್ದು ಬರಿದಾದ ಕೊಟ್ಟಿಗೆಯಲ್ಲಿ ಕುಳಿತಿರುತ್ತಾರೆ. ದನ ಮಾರಿದ ಸಂಗತಿ ಅವರಿಗೆ ಜ್ಞಾಪಕವಿಲ್ಲ. ದುಃಖ ಮಾತ್ರ ಇದೆ.

ಅಜ್ಜಿಯಲ್ಲಿ ಖಿನ್ನತೆಯೇ ಮೂಲ. ಮರೆವು ಅದರ ನೆರಳು. ಇದಕ್ಕೆ ವೈದ್ಯರು ಹುಸಿ ಮರೆವು ಎಂಬರ್ಥದ ಹೆಸರನ್ನು ಕೊಟ್ಟಿದ್ದಾರೆ. 1961ರಲ್ಲಿ ಕಿಲೋ ಎಂಬ ಮನೋವೈದ್ಯರು ಬರೆದ ಪ್ರಬಂಧದ ತರುವಾಯ ಈ ಹೆಸರು ಬಳಕೆಗೆ ಬಂದಿತು. ಅಜ್ಜನಲ್ಲಿ ಮರೆವಿನ ಕಾಯಿಲೆ ನಿಜವಾದುದೇ. ಅದರ ಮೇಲೆ ಖಿನ್ನತೆ ಬಂದು ಕುಳಿತಿದೆ. ಹುಸಿ ಮರೆವಿನವರು ತಮ್ಮ ಮರೆವನ್ನು ದೊಡ್ಡದು ಮಾಡಿ ಹೇಳುವುದು, ನಿಜ ಮರೆವಿನವರು ಅದನ್ನು ಮುಚ್ಚಿಕೊಳ್ಳುವುದು ಸಾಮಾನ್ಯವಾಗಿ ಕಂಡುಬರುವ ವ್ಯತ್ಯಾಸ. ಆದರೆ ಇದು ತಕ್ಕಡಿಯ ತೂಕದಂತೆ ಖಚಿತವಾದುದಲ್ಲ. ಹುಸಿ ಮರೆವು ವಾಸಿಯಾದವರಲ್ಲಿಯೂ ಕೆಲವರಿಗೆ ಮುಂದೆ ನಿಜವಾದ ಮರೆವಿನ ಕಾಯಿಲೆ ಬರುವುದುಂಟು. ಆದಕಾರಣ ಅಜ್ಜಿ ಗುಣಮುಖರಾದರೂ ವೈದ್ಯರ ಕಣ್ಣಿನಿಂದ ದೂರವಾಗಕೂಡದು.

ಇನ್ನು ಪರೀಕ್ಷೆಗಳ ವಿಚಾರ. ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಇಲ್ಲಿ ಹೇಳುವ ಪಟ್ಟಿಗಳು ಜರಡಿಗಳೇ ಹೊರತು ತೀರ್ಪುಗಳಲ್ಲ. ಜರಡಿಯಲ್ಲಿ ಉಳಿದುದೆಲ್ಲ ಕಲ್ಲಲ್ಲ, ಕೆಳಗೆ ಬಿದ್ದುದೆಲ್ಲ ಕಾಳೂ ಅಲ್ಲ; ಯಾರನ್ನು ಇನ್ನಷ್ಟು ಗಮನವಿಟ್ಟು ನೋಡಬೇಕೆಂಬುದನ್ನು ಮಾತ್ರ ಅವು ಹೇಳುತ್ತವೆ. ರೋಗನಿರ್ಣಯ ವೈದ್ಯರ ಕೆಲಸ.

ವೃದ್ಧರ ಖಿನ್ನತೆಗಾಗಿಯೇ ರಚಿತವಾದ ಪಟ್ಟಿಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಅಮೆರಿಕೆಯ ಯೆಸಾವೇಜ್ ಮತ್ತು ಸಂಗಡಿಗರು 1980ರ ದಶಕದ ಮೊದಲ ವರ್ಷಗಳಲ್ಲಿ ಸಿದ್ಧಪಡಿಸಿದ ‘ಜೀರಿಯಾಟ್ರಿಕ್ ಡಿಪ್ರೆಷನ್ ಸ್ಕೇಲ್’. ಮೊದಲು 30 ಪ್ರಶ್ನೆಗಳು. 1986ರಲ್ಲಿ 15 ಪ್ರಶ್ನೆಗಳ ಸಂಕ್ಷಿಪ್ತ ರೂಪ ಬಂದಿತು. ಉತ್ತರ ಹೌದು ಅಥವಾ ಇಲ್ಲ, ಅಷ್ಟೇ. ಹಸಿವು, ನಿದ್ರೆಗಳಂಥ ದೈಹಿಕ ಲಕ್ಷಣಗಳನ್ನು ರಚನಾಕಾರರು ಬುದ್ಧಿಪೂರ್ವಕವಾಗಿಯೇ ಕೈಬಿಟ್ಟರು. ವೃದ್ಧರಲ್ಲಿ ಅವು ಬೇರೆ ಕಾಯಿಲೆಗಳಿಂದಲೂ ಕೆಡುತ್ತವೆಯಲ್ಲ! ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು 45 ವರ್ಷ ದಾಟಿದ ಗ್ರಾಮಸ್ಥರ ಸ್ಮರಣಶಕ್ತಿಯನ್ನು ಕುರಿತು ದೀರ್ಘಕಾಲದ ಅಧ್ಯಯನವೊಂದನ್ನು ಕೈಗೊಂಡಿದೆ. ಹತ್ತು ಸಾವಿರ ಮಂದಿ ಅದರ ಗುರಿ. ಅಲ್ಲಿಯೂ ಖಿನ್ನತೆಯನ್ನು ಅಳೆಯಲು ಇದೇ ಪಟ್ಟಿಯನ್ನು ಬಳಸಿದ್ದಾರೆ. ಜ್ಞಾಪಕಶಕ್ತಿ ಸರಿಯಾಗಿರುವವರಲ್ಲಿ ಮತ್ತು ಮರೆವು ಹಗುರವಾಗಿರುವವರಲ್ಲಿ ಅದು ಉಪಯುಕ್ತ ಸಾಧನವೆಂಬುದರಲ್ಲಿ ಸಂದೇಹವಿಲ್ಲ.

ಮರೆವು ಬಲಿತಾಗ ಮಾತ್ರ ಅದು ಕೈಕೊಡುತ್ತದೆ. ಪಟ್ಟಿಯ ಪ್ರಶ್ನೆಗಳು ಕಳೆದ ಒಂದು ವಾರವನ್ನು ಕುರಿತವು. ಬೆಳಗಿನ ತಿಂಡಿ ಏನೆಂಬುದೇ ನೆನಪಿಲ್ಲದವರಿಗೆ ಒಂದು ವಾರದ ಮನಸ್ಸಿನ ಸ್ಥಿತಿಯನ್ನು ಒಟ್ಟುಗೂಡಿಸಿ ಹೇಳೆಂದರೆ ಎಲ್ಲಿಂದ ಹೇಳಿಯಾರು? ನಮ್ಮ ಅಜ್ಜಂಪುರದ ಅಜ್ಜನನ್ನು ‘ಹೆಂಗಿದೀರಿ ಅಜ್ಜ, ಏನಾದ್ರೂ ಬೇಜಾರಾ?’ ಎಂದು ಕೇಳಿ. ‘ಚೆನ್ನಾಗಿದೀನಪ್ಪ, ನಂಗೇನಾಗೈತೆ’ ಎಂಬುದೇ ಉತ್ತರ. ಪಟ್ಟಿಯಲ್ಲಿ ಅವರ ಅಂಕ ಸೊನ್ನೆಯ ಹತ್ತಿರ ಬರುವುದು. ಸೊನ್ನೆ ಬಂದುದರಿಂದ ದುಃಖವಿಲ್ಲವೆಂದು ಬರೆದುಕೊಂಡರೆ, ನಸುಕಿನ ಕೊಟ್ಟಿಗೆಯನ್ನು ಕಣ್ಣಾರೆ ಕಂಡ ಸೊಸೆ ನಮ್ಮ ವಿಜ್ಞಾನವನ್ನು ಕುರಿತು ಏನೆಂದುಕೊಂಡಾಳು!

ಇದಕ್ಕೆ ಪ್ರತಿಯಾಗಿ ಹುಸಿಯಾಗಿ ಅಂಕ ಏರುವುದೂ ಉಂಟು. ಪಟ್ಟಿಯಲ್ಲಿ, ನಿಮಗೆ ಇತರರಿಗಿಂತ ಮರೆವಿನ ತೊಂದರೆ ಹೆಚ್ಚೇ ಎಂಬ ಒಂದು ಪ್ರಶ್ನೆ ಇದೆ. ಮರೆವಿನ ಕಾಯಿಲೆಯವರು ಅದಕ್ಕೆ ಹೌದೆಂದರೆ ಅದು ಸತ್ಯ ನುಡಿದಂತೆ. ಆದರೆ ಅಂಕ ಹೋಗಿ ಸೇರುವುದು ಖಿನ್ನತೆಯ ಲೆಕ್ಕಕ್ಕೆ. ಹೊರಗೆ ಹೋಗುವುದಕ್ಕಿಂತ ಮನೆಯಲ್ಲಿರುವುದೇ ನಿಮಗೆ ಇಷ್ಟವೇ ಎಂಬುದು ಇನ್ನೊಂದು. ಜೀವಮಾನವನ್ನೆಲ್ಲ ಮನೆ, ಕಣ, ತೋಟಗಳಲ್ಲಿಯೇ ಕಳೆದ ನಮ್ಮ ಕಡೆಯ ಅಜ್ಜಿಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕೇಳಿಸುತ್ತದೆ. ಬಹಳ ಜನ ನಿಮಗಿಂತ ಸುಖವಾಗಿದ್ದಾರೆಯೇ ಎಂದು ಕೇಳಿದರೆ, ಮಳೆ ಕೈಕೊಟ್ಟ ವರ್ಷ ಕಡೂರಿನ ಒಣಭೂಮಿಯ ರೈತ ಹೌದೆನ್ನುವುದಕ್ಕೆ ಖಿನ್ನತೆಯೇ ಬೇಕೆಂದಿಲ್ಲ.

ಇಲ್ಲಿ ಭಾಷೆಯ ತೊಡಕೂ ಒಂದಿದೆ. ‘ಬೇಜಾರು’ ಎಂಬ ಪದ ನಮ್ಮಲ್ಲಿ ಏನನ್ನೆಲ್ಲ ಹೊರುತ್ತದೆ! ಹೊತ್ತು ಹೋಗದಿದ್ದರೆ ಬೇಜಾರು, ಮಗ ಫೋನು ಮಾಡದಿದ್ದರೆ ಬೇಜಾರು, ಮೊಣಕಾಲು ನೋವು ಬಂದರೆ ಬೇಜಾರು, ಜೀವವೇ ಬೇಡವೆನಿಸಿದರೂ ಬೇಜಾರೇ. ‘ಖಿನ್ನತೆ’ ಪುಸ್ತಕದ ಪದ. ಹಳ್ಳಿಯ ಹಿರಿಯರ ಬಾಯಲ್ಲಿ ಅದು ಇಲ್ಲ. ಅವರು ದುಃಖವನ್ನು ಹೆಚ್ಚಾಗಿ ದೇಹದ ಮೂಲಕ ಹೇಳುತ್ತಾರೆ. ಎದೆ ಡವಗುಟ್ಟುತ್ತದೆ, ತಲೆ ಭಾರ, ಕೈಕಾಲು ಸೋಲುತ್ತವೆ, ಹೊಟ್ಟೆಯೊಳಗೆ ಉರಿ. ಕೇಳುವವರು ಈ ಮಾತುಗಳನ್ನು ತಿಳಿಯದಿದ್ದರೆ ಪಟ್ಟಿ ಎಷ್ಟು ಉತ್ತಮವಾಗಿದ್ದರೂ ವ್ಯರ್ಥ. ಸ್ಮರಣಶಕ್ತಿಯ ಪರೀಕ್ಷೆಗೂ ಇದೇ ಮಾತು ಅನ್ವಯಿಸುತ್ತದೆ. 1975ರಲ್ಲಿ ಫೋಲ್‌ಸ್ಟೀನ್ ದಂಪತಿಗಳು ಮತ್ತು ಮೆಕ್‌ಹ್ಯೂ ರಚಿಸಿದ 30 ಅಂಕಗಳ ಪರೀಕ್ಷೆಯಲ್ಲಿ ವಾಕ್ಯ ಬರೆಯುವುದು, ನೂರರಿಂದ ಏಳೇಳನ್ನು ಕಳೆಯುತ್ತ ಹೋಗುವುದು ಮುಂತಾದವು ಇವೆ. ಅಕ್ಷರ ಕಲಿಯದವರು ಇಲ್ಲಿ ಅಂಕ ಕಳೆದುಕೊಳ್ಳುವುದು ಬುದ್ಧಿ ಕುಂದಿದ್ದರಿಂದಲ್ಲ, ಶಾಲೆ ಕಾಣದೆ ಹೋದುದರಿಂದ. ಈ ಅನ್ಯಾಯವನ್ನು ಮನಗಂಡೇ 1995ರಲ್ಲಿ ಹರಿಯಾಣದ ಬಲ್ಲಭಗಢದ ಹಳ್ಳಿಗಳಿಗಾಗಿ ಅನಕ್ಷರಸ್ಥರಿಗೆ ಒಪ್ಪುವ ಹಿಂದಿ ಪರೀಕ್ಷೆಯನ್ನು ರೂಪಿಸಿದರು. ತಾರೀಖು ಹೇಳಲಾರದ ನಮ್ಮ ರೈತ ಈಗ ನಡೆದಿರುವುದು ಆರಿದ್ರಾ ಮಳೆಯೋ ಪುಷ್ಯ ಮಳೆಯೋ ಎಂಬುದನ್ನು ತಪ್ಪದೆ ಹೇಳಿಯಾನು. ಅದನ್ನೂ ಕಾಲಜ್ಞಾನವೆಂದೇ ಎಣಿಸತಕ್ಕದ್ದು.

ಹಾಗಾದರೆ ಮರೆವು ಬಲಿತವರ ದುಃಖವನ್ನು ಅಳೆಯುವುದು ಹೇಗೆ? ಈ ಪ್ರಶ್ನೆಗೆ 1988ರಲ್ಲಿ ಅಲೆಕ್ಸೋಪೌಲಸ್ ಮತ್ತು ಸಂಗಡಿಗರು ನೀಡಿದ ಉತ್ತರವೇ ‘ಕಾರ್ನೆಲ್ ಸ್ಕೇಲ್’. ಅದರ ವೈಶಿಷ್ಟ್ಯವೆಂದರೆ, ಮೊದಲು ಪ್ರಶ್ನಿಸುವುದು ರೋಗಿಯನ್ನಲ್ಲ, ಅವರೊಡನೆ ದಿನವೂ ಇರುವವರನ್ನು. ಅದಕ್ಕೆ ಸುಮಾರು 20 ನಿಮಿಷ. ಬಳಿಕ ರೋಗಿಯೊಡನೆ ಹತ್ತು ನಿಮಿಷ ಮಾತನಾಡಿ, ಮುಖವನ್ನೂ ನಡೆಯನ್ನೂ ಗಮನಿಸಬೇಕು. ಎರಡೂ ಹೊಂದದಿದ್ದರೆ ಮತ್ತೆ ವಿಚಾರಿಸಿ, ಪರೀಕ್ಷಕರು ತಮ್ಮ ವಿವೇಚನೆಯಿಂದ ಅಂಕ ಕೊಡಬೇಕು. ಒಟ್ಟು 19 ಅಂಶಗಳು. ಇಲ್ಲದಿದ್ದರೆ 0, ಹಗುರವಾಗಿ ಅಥವಾ ಆಗೊಮ್ಮೆ ಈಗೊಮ್ಮೆ ಇದ್ದರೆ 1, ತೀವ್ರವಾಗಿದ್ದರೆ 2. ಬೇರೊಂದು ದೈಹಿಕ ಕಾಯಿಲೆಯಿಂದ ಬಂದ ಲಕ್ಷಣಕ್ಕೆ ಅಂಕವಿಲ್ಲ. ಒಟ್ಟು 10 ಮೀರಿದರೆ ಗಂಭೀರ ಖಿನ್ನತೆ ಇರುವ ಸಂಭವ, 18 ಮೀರಿದರೆ ಅದು ಬಹುಮಟ್ಟಿಗೆ ನಿಶ್ಚಿತ.

ನಮ್ಮ ಅಜ್ಜನ ಲೆಕ್ಕವನ್ನೇ ಮಾಡಿ ನೋಡೋಣ. ಉತ್ತರಿಸುವವಳು ಸೊಸೆ.

ಮೊದಲನೆಯದು ಮನಸ್ಸಿನ ಭಾವ. ಕೇಳಿದ್ದನ್ನೇ ಕಳವಳದಿಂದ ಕೇಳುತ್ತಾರೆ, ಆದರೆ ಸದಾ ಅಲ್ಲ: 1. ದಿನವೂ ಕಣ್ಣೀರು, ಬಾಡಿದ ಮುಖ: 2. ಬೆಂಗಳೂರಿನಿಂದ ಮೊಮ್ಮಗಳು ಬಂದು ತೊಡೆಯ ಮೇಲೆ ಕುಳಿತರೂ ಮುಖ ಅರಳಲಿಲ್ಲ: 2. ಸಣ್ಣದಕ್ಕೂ ಕೆಲವೊಮ್ಮೆ ಸಿಡುಕು: 1. ಇಲ್ಲಿಗೆ 6. ಎರಡನೆಯದು ನಡವಳಿಕೆ. ಅಂಗಳಕ್ಕೂ ಕೊಟ್ಟಿಗೆಗೂ ಅಲೆದಾಟ, 1. ಮಾತು ಮತ್ತು ನಡೆ ನಿಧಾನ, 1. ಬಗೆಬಗೆಯ ದೈಹಿಕ ದೂರುಗಳಿಲ್ಲ, 0. ಆಸಕ್ತಿ ಕುಂದಿದೆ, ಆದರೆ ಎರಡು ವರ್ಷಗಳಿಂದ ಮೆಲ್ಲಗೆ ಕುಂದುತ್ತ ಬಂದಿದೆ. ಈ ಅಂಶಕ್ಕೆ ಒಂದು ತಿಂಗಳೊಳಗಿನ ಹಠಾತ್ ಬದಲಾವಣೆಯನ್ನು ಮಾತ್ರ ಎಣಿಸಬೇಕೆಂಬ ನಿಯಮವಿರುವುದರಿಂದ 0.

ಈ ನಿಯಮ ಅರ್ಥಗರ್ಭಿತವಾದುದು. ಮರೆವಿನ ಕಾಯಿಲೆ ತಾನಾಗಿಯೇ ಉತ್ಸಾಹವನ್ನು ತಿಂದುಹಾಕುತ್ತದೆ. ಸುಮ್ಮನೆ ಕುಳಿತವರೆಲ್ಲ ದುಃಖಿಗಳಲ್ಲ. ನಿರುತ್ಸಾಹಿ ಕೊಟ್ಟದ್ದನ್ನು ತಿನ್ನುತ್ತಾನೆ, ಕರೆದರೆ ಬರುತ್ತಾನೆ, ಬಿಟ್ಟರೆ ಕುಳಿತೇ ಇರುತ್ತಾನೆ. ಅವನ ಮುಖದಲ್ಲಿ ನೋವಿಲ್ಲ. ಖಿನ್ನನಾದವನ ಮುಖದಲ್ಲಿ ನೋವಿದೆ. ಈ ಭೇದವನ್ನು ಅರಿಯದೆ ಸುಮ್ಮನಿರುವ ಮುದುಕರಿಗೆಲ್ಲ ಖಿನ್ನತೆಯ ಮಾತ್ರೆ ಕೊಡುವುದು, ಅಳುವ ಮುದುಕರನ್ನೆಲ್ಲ ಅರಳುಮರಳೆಂದು ಬಿಟ್ಟುಬಿಡುವುದು, ಎರಡೂ ತಪ್ಪು.

ಇಲ್ಲಿಯವರೆಗೆ 8. ಮೂರನೆಯದು ದೇಹ. ಊಟ ಕಡಿಮೆಯಾಗಿದೆ, 1. ಪಂಚೆ ಸಡಿಲವಾಗುವಷ್ಟು ತೂಕ ಇಳಿದಿದೆ, 1. ಬೇಗ ದಣಿಯುತ್ತಾರೆ, ಆದರೆ ಅದು ಹಳೆಯ ಮೊಣಕಾಲು ನೋವಿನಿಂದ, 0. ಒಟ್ಟು 10. ನಾಲ್ಕನೆಯದು ಹಗಲಿರುಳಿನ ಏರಿಳಿತ. ದುಃಖ ಬೆಳಗಿನಲ್ಲಿಯೇ ಹೆಚ್ಚು, 2. ನಿದ್ರೆ ಹತ್ತಲು ತೊಂದರೆಯಿಲ್ಲ, 0. ರಾತ್ರಿ ಮೂತ್ರಕ್ಕೆ ಎದ್ದು ಮತ್ತೆ ಮಲಗುತ್ತಾರೆ, ಅದಕ್ಕೆ 0. ನಸುಕಿಗೆ ಮುಂಚೆ ಎದ್ದವರು ಮತ್ತೆ ಮಲಗುವುದಿಲ್ಲ, 2. ಮರೆವಿನ ಕಾಯಿಲೆಯ ಗಲಿಬಿಲಿ ಸಾಮಾನ್ಯವಾಗಿ ಸಂಜೆಗೆ ಹೆಚ್ಚುತ್ತದೆ. ಬೆಳಗಿನಲ್ಲಿ ಕುಗ್ಗುವುದು ಖಿನ್ನತೆಯ ಕಡೆಗೆ ಬೆರಳು ತೋರುವ ಸಂಗತಿ. ಈಗ 14. ಕೊನೆಯದು ಆಲೋಚನೆ. ‘ನಾನಿರಬಾರದಿತ್ತು’ ಎಂದು ಆಗಾಗ ಅನ್ನುತ್ತಾರೆ, 1. ‘ನನ್ನಿಂದ ಏನೂ ಆಗಲ್ಲ’, 1. ಮುಂದಿನದನ್ನು ಕುರಿತ ನಿರಾಶೆಯಾಗಲಿ ಭ್ರಮೆಗಳಾಗಲಿ ಇಲ್ಲ. ಒಟ್ಟು 16.

ತಾನು ಚೆನ್ನಾಗಿದ್ದೇನೆಂದು ಹೇಳಿ ಸೊನ್ನೆ ಪಡೆದ ಅದೇ ಅಜ್ಜ!

ಆದರೆ ಸೊಸೆಯ ಮಾತೂ ಕಣ್ಮುಚ್ಚಿ ನಂಬತಕ್ಕದ್ದಲ್ಲ. ರಾತ್ರಿಯಿಡೀ ನಿದ್ದೆಗೆಟ್ಟು, ಬಟ್ಟೆ ಒಗೆದು, ಉಣಿಸಿ ಬಸವಳಿದ ಹೆಣ್ಣುಮಗಳಿಗೆ ಮಾವನವರ ಪ್ರತಿಯೊಂದು ಲಕ್ಷಣವೂ ಎರಡರಷ್ಟು ದೊಡ್ಡದಾಗಿ ಕಾಣುವುದು ಸ್ವಾಭಾವಿಕ. ಎಷ್ಟೋ ವೇಳೆ ಆಕೆಯೇ ಖಿನ್ನಳಾಗಿರುತ್ತಾಳೆ, ಆಕೆಯನ್ನು ಕೇಳುವವರಿರುವುದಿಲ್ಲ. ಇನ್ನು ತಿಂಗಳಿಗೊಮ್ಮೆ ಬಂದು ಹೋಗುವ ಮಗನ ವರದಿ ಇದಕ್ಕೆ ತದ್ವಿರುದ್ಧ. ಮಗ ಬಂದ ದಿನ ಅಪ್ಪ ನಕ್ಕಿರುತ್ತಾರೆ. ‘ಅಪ್ಪಾಜಿ ಆರಾಮಾಗೇ ಇದಾರಲ್ಲ’ ಎಂದು ಆತ ಸಂಜೆಯ ರೈಲಿಗೆ ಹೊರಡುತ್ತಾನೆ. ಆದ್ದರಿಂದ ಇಬ್ಬರು ಮೂವರನ್ನು ಬೇರೆ ಬೇರೆಯಾಗಿ ಕೇಳುವುದು ಒಳ್ಳೆಯದು. ಶಾಲೆಗೆ ಹೋಗುವ ಮೊಮ್ಮಕ್ಕಳನ್ನೂ ಕೇಳಬೇಕೆಂಬುದು ನನ್ನ ಅಭಿಪ್ರಾಯ. ಅಜ್ಜನ ಪಕ್ಕದಲ್ಲಿ ಮಲಗುವವರು ಅವರೇ. ಯಾರನ್ನೂ ಸಮರ್ಥಿಸಬೇಕಾದ ಅಗತ್ಯ ಅವರಿಗಿಲ್ಲ.

ಸಾವಿನ ಮಾತನ್ನು ಕುರಿತು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ‘ಶಿವ ಇನ್ನೂ ಕರಕೊಳ್ಳಲಿಲ್ಲ’ ಎಂಬ ಮಾತು ನಮ್ಮ ಹಿರಿಯರ ಬಾಯಲ್ಲಿ ಸಹಜವಾಗಿ ಬರುತ್ತದೆ. ಬಾಳನ್ನು ಪೂರೈಸಿ ಲಿಂಗೈಕ್ಯವನ್ನು ನಿರೀಕ್ಷಿಸುವ ಹಿರಿಯರ ಶಾಂತವಾದ ಮಾತಿಗೆ ಖಿನ್ನತೆಯ ಅಂಕ ಹಾಕುವುದು ಅವಿವೇಕ. ಆದರೆ ಅದೇ ವಾಕ್ಯ ಬೇರೆ ಸ್ವರದಲ್ಲಿ ಬರಬಹುದು: ಊಟ ಬಿಟ್ಟಾಗ, ಪೂಜೆ ಬಿಟ್ಟಾಗ, ನಾನು ನಿಮಗೆ ಭಾರ ಎಂಬ ಮಾತಿನ ಜೊತೆಗೆ. ಶಾಂತಿಯಿಂದ ಕಾಯುವವರು ನಿತ್ಯದ ಕಟ್ಟಳೆಯನ್ನು ಬಿಡುವುದಿಲ್ಲ. ನಮ್ಮ ತರೀಕೆರೆಯ ಅಜ್ಜಿ ಅದನ್ನು ಬಿಟ್ಟಿದ್ದಾರೆ. ಸ್ವರ ಬದಲಾದಾಗ ನೇರವಾಗಿ ಕೇಳಿಬಿಡಬೇಕು: ‘ಅಜ್ಜಿ, ಸಾಯಬೇಕು ಅಂತ ಅನ್ನಿಸ್ತದಾ? ಏನಾದ್ರೂ ಮಾಡ್ಕೊಳ್ಳೋಣ ಅಂತ ಬಂದಿತ್ತಾ?’ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುತ್ತದೆಂಬ ಭಯ ನಿರಾಧಾರವಾದುದು. ಹೌದೆಂಬ ಉತ್ತರ ಬಂದರೆ ಅವರನ್ನು ಒಂಟಿಯಾಗಿ ಬಿಡಕೂಡದು, ಅಂದೇ ವೈದ್ಯರನ್ನು ಕಾಣಬೇಕು. ತೋಟದ ಮನೆಗಳಲ್ಲಿ ಕೀಟನಾಶಕದ ಡಬ್ಬಿಗಳು ಮೂಲೆಯಲ್ಲಿ ಬಿದ್ದಿರುತ್ತವೆ. ಅವುಗಳಿಗೆ ಬೀಗ ಬೀಳಬೇಕು, ಬೀಗದ ಕೈ ಬೇರೆಯವರ ಬಳಿ ಇರಬೇಕು. ಟೆಲಿಮಾನಸ್ ದೂರವಾಣಿ 14416 ಹಗಲಿರುಳೂ ದೊರೆಯುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು.

ನಮ್ಮ ಊರುಗಳಲ್ಲಿ ಈ ಜರಡಿಯನ್ನು ಹಿಡಿಯುವವರು ಯಾರು? ಆಶಾ ಕಾರ್ಯಕರ್ತೆಯರು ಮನೆಮನೆಯಲ್ಲಿ 30 ವರ್ಷ ದಾಟಿದವರಿಗೆ ತುಂಬಿಸುವ ಆರೋಗ್ಯದ ನಮೂನೆಯೊಂದಿದೆ. ಅದರ ಒಂದು ಭಾಗದಲ್ಲಿ, 60 ದಾಟಿದವರಿಗೆ, ಹತ್ತಿರದವರ ಹೆಸರನ್ನಾಗಲಿ ಮನೆಯ ವಿಳಾಸವನ್ನಾಗಲಿ ಮರೆಯುತ್ತೀರಾ ಎಂಬ ಪ್ರಶ್ನೆ ಇದೆ. ಇನ್ನೊಂದು ಭಾಗದಲ್ಲಿ, ಕಳೆದ ಎರಡು ವಾರಗಳಲ್ಲಿ ಆಸಕ್ತಿ ಕುಂದಿತ್ತೇ, ಮನಸ್ಸು ಕುಗ್ಗಿತ್ತೇ ಎಂಬ ಎರಡು ಪ್ರಶ್ನೆಗಳಿವೆ. ಅಂಕ 3 ಮೀರಿದರೆ ಆರೋಗ್ಯ ಕೇಂದ್ರಕ್ಕೆ ಕಳಿಸಬೇಕು. ಮರೆವೂ ದುಃಖವೂ ಒಂದೇ ನಮೂನೆಯಲ್ಲಿ ಬಂದು ಕುಳಿತಿವೆ. ಮೊದಲನೆಯದಕ್ಕೆ ಹೌದೆಂದವರ ಬಾಯಿಂದ ಎರಡನೆಯದಕ್ಕೆ ಬರುವ ಉತ್ತರವನ್ನು ಅಷ್ಟಾಗಿ ನಂಬುವಂತಿಲ್ಲ, ಅಲ್ಲಿ ಮನೆಯವರನ್ನೂ ಕೇಳಬೇಕು ಎಂಬುದನ್ನು ಆಶಾ ಕಾರ್ಯಕರ್ತೆಯರಿಗೆ ತಿಳಿಸಿಕೊಟ್ಟರೆ ಹೊಸ ಕಾಗದವಾಗಲಿ ಹೊಸ ಖರ್ಚಾಗಲಿ ಬೇಕಾಗುವುದಿಲ್ಲ.

ಗುರುತಿಸಿದ ಮೇಲೆ ಚಿಕಿತ್ಸೆಯ ದಾರಿ ಎರಡು ಮನೆಗಳಿಗೂ ಒಂದೇ ಅಲ್ಲ. ಅಜ್ಜಿಯ ಖಿನ್ನತೆಗೆ ಔಷಧವೂ ಸಮಾಲೋಚನೆಯೂ ಫಲ ಕೊಡುವ ನಿರೀಕ್ಷೆ ಚೆನ್ನಾಗಿದೆ. ಖಿನ್ನತೆ ಇಳಿದಂತೆ ಮರೆವೂ ಇಳಿಯಬಹುದು. ಅಜ್ಜನ ವಿಷಯ ಬೇರೆ. ಬ್ರಿಟನ್ನಿನಲ್ಲಿ ಆಲ್ಜೈಮರ್ ಕಾಯಿಲೆಯ ಜೊತೆಗೆ ಖಿನ್ನತೆಯೂ ಇದ್ದ 326 ಮಂದಿಗೆ ಸರ್ಟ್ರಾಲಿನ್, ಮಿರ್ಟಜಪಿನ್ ಎಂಬ ಎರಡು ಔಷಧಗಳನ್ನೂ ಸತ್ವವಿಲ್ಲದ ಹುಸಿ ಮಾತ್ರೆಯನ್ನೂ ಹಂಚಿಕೊಟ್ಟು, ಕಾರ್ನೆಲ್ ಪಟ್ಟಿಯಿಂದಲೇ ಅಳೆದು ನೋಡಿದರು. 2011ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮೂರೂ ಗುಂಪುಗಳು ಸರಿಸುಮಾರು ಒಂದೇ ಪ್ರಮಾಣದಲ್ಲಿ ಸುಧಾರಿಸಿದ್ದವು. ಔಷಧ ಪಡೆದವರಲ್ಲಿ ಅಡ್ಡಪರಿಣಾಮಗಳು ಹೆಚ್ಚಾಗಿದ್ದವು. ಎಂದರೆ ಅಜ್ಜನಂಥವರಿಗೆ ಮಾತ್ರೆಯೇ ಮೊದಲ ಮದ್ದಲ್ಲ. ಹಾಗೆಂದು ವೈದ್ಯರು ಕೊಟ್ಟ ಮಾತ್ರೆಯನ್ನು ಮನೆಯವರು ತಾವಾಗಿಯೇ ನಿಲ್ಲಿಸಕೂಡದು. ಮೊದಲು ಕಿವಿ, ಕಣ್ಣು, ನೋವು, ಮಲಬದ್ಧತೆಗಳನ್ನು ನೋಡಬೇಕು. ಥೈರಾಯ್ಡ್, ಬಿ-12 ಜೀವಸತ್ವ, ಈಗಾಗಲೇ ನುಂಗುತ್ತಿರುವ ಮಾತ್ರೆಗಳು ಇವನ್ನು ಪರಿಶೀಲಿಸಬೇಕು. ಅವರಿಗೆ ಪ್ರಿಯವಾದ ಕೆಲಸವನ್ನು ದಿನಚರಿಯಲ್ಲಿ ಮತ್ತೆ ಸೇರಿಸಬೇಕು. ದನಗಳನ್ನು ಮರಳಿ ತರಲಾಗದಿದ್ದರೂ, ಬೆಳಿಗ್ಗೆ ನೆರೆಮನೆಯ ಕರುವಿಗೆ ಹುಲ್ಲು ಹಾಕಲು ಅಜ್ಜನನ್ನು ಕೈಹಿಡಿದು ಕರೆದೊಯ್ಯಲು ಯಾರ ಅಪ್ಪಣೆಯೂ ಬೇಕಿಲ್ಲ.

ಒಂದು ಎಚ್ಚರಿಕೆ ಉಳಿಯಿತು. ನಿನ್ನೆ ಸರಿಯಿದ್ದವರು ಇಂದು ಒಮ್ಮೆಲೇ ಮಂಕಾದರೆ, ಗಳಿಗೆಗೊಂದು ಬಗೆಯಾಗಿ ಗಲಿಬಿಲಿಗೊಂಡರೆ, ಅದು ಮರೆವೂ ಅಲ್ಲ ಖಿನ್ನತೆಯೂ ಅಲ್ಲ. ಮೂತ್ರದ ಸೋಂಕು, ನ್ಯುಮೋನಿಯಾ, ರಕ್ತದಲ್ಲಿ ಉಪ್ಪಿನಂಶದ ಏರುಪೇರು ಮುಂತಾದವುಗಳಿಂದ ಬರುವ ಸನ್ನಿ ಅದು. ಅದಕ್ಕೆ ಪ್ರಶ್ನಾವಳಿ ಬೇಡ, ಕೂಡಲೇ ಆಸ್ಪತ್ರೆ ಬೇಕು.

ಕರ್ನಾಟಕದಲ್ಲಿ 2014ರಲ್ಲಿ ಆರಂಭವಾದ ಮನೋಚೈತನ್ಯ ಕಾರ್ಯಕ್ರಮದ ಉದ್ದೇಶ, ಗೊತ್ತಾದ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಯಲ್ಲಿಯೇ ಮನೋವೈದ್ಯರು ದೊರೆಯುವಂತೆ ಮಾಡುವುದು. ಹೊರಡುವ ಮುನ್ನ ಯಾವ ಮಂಗಳವಾರವೆಂದು ಆಸ್ಪತ್ರೆಯಲ್ಲಿ ವಿಚಾರಿಸಿಕೊಳ್ಳುವುದು ಲೇಸು. ಹೋಗುವಾಗ ಹಿರಿಯರ ಕನ್ನಡಕ, ಕಿವಿಯ ಯಂತ್ರವಿದ್ದರೆ ಅದು, ಮನೆಯಲ್ಲಿರುವ ಮಾತ್ರೆಗಳೆಲ್ಲ ಒಂದು ಚೀಲದಲ್ಲಿ, ಹಿಂದಿನ ಒಂದು ವಾರದ ಊಟ, ನಿದ್ರೆ, ಅಳು, ಮಾತುಗಳನ್ನು ಗುರುತು ಹಾಕಿದ ಒಂದು ನೋಟ್‌ಬುಕ್ಕು ಜೊತೆಗಿರಲಿ. ಬೆಂಗಳೂರಿನಿಂದ ಬಂದ ಮಗ ಗಾಡಿ ಓಡಿಸಲಿ. ವೈದ್ಯರ ಮುಂದೆ ಕುಳಿತು ಉತ್ತರಿಸಲು ಸೊಸೆ ಒಳಗೆ ಬರಲಿ.